ಮೂರು ಕೋಣೆಯ ಹೃದಯ, ಒಂದು ಬಾಯಿ ನೀರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬದುಕಿದೆಯೋ ಸತ್ತಿದೆಯೋ ಎಂದು ಒಬ್ಬ ಡಾಕ್ಟರು ಕಡಲಾಮೆಯೊಂದರ ಎದೆಗೆ ಯಂತ್ರ ಹಿಡಿದು ಕೇಳುತ್ತಿದ್ದಾಗ, ಹಿಂದೆ ನಿಂತಿದ್ದ ನಾನು ಆ ಎದೆಯ ಸದ್ದನ್ನು ನನ್ನ ಬಾಯಿಂದ ಮಾಡಿದೆ. ಯಾಕೆ ಮಾಡಿದೆ ಎಂದರೆ ಇಷ್ಟೇ. ಬಾಯಿ ಇತ್ತು, ಮಾಡಿತು. ತಿಪಟೂರಿನಲ್ಲಿ ಇದೇ ಬಾಯಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಮದುವೆ ಆರ್ಕೆಸ್ಟ್ರಾದ ನಡುವೆ ಹತ್ತು ನಿಮಿಷ ಸಿಕ್ಕಿದರೆ ಸರ್ಕಾರಿ ಬಸ್ಸು ದಿಬ್ಬ ಹತ್ತುವುದು, ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುವುದು, ನಮ್ಮ ಹೆಡ್ಮಾಸ್ಟರು ಕೆಮ್ಮಿ ಕೆಮ್ಮಿ ಪ್ರಾರ್ಥನೆ ಹೇಳುವುದು, ಎಲ್ಲವನ್ನೂ ಮಾಡಿ ಇಳಿಯುತ್ತೇನೆ. ಮುಂಬಯಿಗೂ ಈ ಬಾಯಿಯನ್ನು ನೋಡಿಯೇ ಕರೆಸಿದ್ದರು. ಕರೆಸಿದವರಿಗೆ ಆಮೆಯ ವಿಷಯ ಈವರೆಗೆ ಗೊತ್ತಿಲ್ಲ.

ಸಯನ್

ನಮ್ಮ ಮನೆಯಲ್ಲಿ ಮುಂಬಯಿ ಎಂದರೆ ಪಾಸ್‌ಪೋರ್ಟ್ ಬೇಡದ ಪರದೇಶ. ಅಮ್ಮ ನನ್ನನ್ನು ರೈಲು ಹತ್ತಿಸುವಾಗ ದುಬೈಗೆ ಕಳಿಸುವವರ ಮುಖ ಮಾಡಿಕೊಂಡಿದ್ದಳು. ಸಯನ್ನಿನಲ್ಲಿ ದೊಡ್ಡಮ್ಮನ ಮನೆ. ಅಲ್ಲಿಯ ಕನ್ನಡದವರ ರಾಜ್ಯೋತ್ಸವದಲ್ಲಿ ಭಾನುವಾರ ನನ್ನ ಮಿಮಿಕ್ರಿ. ನಾನು ಹೋಗಿ ಇಳಿದದ್ದು ಬುಧವಾರ.

ಮೂರನೇ ಮಹಡಿಯ ಆ ಮನೆಯಲ್ಲಿ ಅಡುಗೆಗೂ ನಡುಮನೆಗೂ ಮಧ್ಯೆ ಎದೆಮಟ್ಟದ ಗೋಡೆ ಮಾತ್ರ. ಒಗ್ಗರಣೆಯ ಹೊಗೆ ಗೋಡೆ ದಾಟಿ ಟಿವಿ ನೋಡುತ್ತದೆ, ಟಿವಿಯ ಸದ್ದು ಗೋಡೆ ದಾಟಿ ಅಡುಗೆ ಮಾಡುತ್ತದೆ. ಹೀಗೊಂದು ಮಾತು ಹೇಳಿ ದೊಡ್ಡಮ್ಮನಿಂದ ಎರಡು ದೋಸೆ ಹೆಚ್ಚಿಗೆ ಗಿಟ್ಟಿಸಿದೆ.

ಗುರುವಾರ ಬೆಳಿಗ್ಗೆ ದೊಡ್ಡಮ್ಮನ ಮಗಳು ಶೈಲಕ್ಕನಿಗೆ ಫೋನು ಬಂತು. ಶೈಲಕ್ಕ ಪ್ರಾಣಿವೈದ್ಯೆ. ಊರಿನ ಪಶ್ಚಿಮದಂಚಿಗೆ, ಮಡ್ ಎಂಬ ಕಡಲತೀರದಲ್ಲಿ, ಗಾಯಗೊಂಡ ಕಡಲಾಮೆಗಳನ್ನು ಸಾಕಿ ಗುಣಪಡಿಸುವ ಒಂದು ಸಣ್ಣ ಶೆಡ್ಡಿನಲ್ಲಿ ಅವಳ ಕೆಲಸ. ಸಯನ್ನಿನಲ್ಲೇ ಹುಟ್ಟಿದವಳಾದ್ದರಿಂದ ಅವಳ ಕನ್ನಡಕ್ಕೆ ಮೂರು ಭಾಷೆಯ ಒಗ್ಗರಣೆ.

"ಬಲೆಯಲ್ಲಿ ಸಿಕ್ಕಿದ ಆಮೆ ಬಂದಿದೆಯಂತೆ. ಹಿಲ್ತಾನೇ ಇಲ್ಲ, ಅಲ್ಲಾಡ್ತಾನೇ ಇಲ್ಲ ಅಂತಿದ್ದಾರೆ. ನಾನು ಹೊರಟೆ."

"ನಾನೂ ಬರ್ತೀನಕ್ಕ. ಸಮುದ್ರ ನೋಡಿಲ್ಲ ನಾನು."

"ಸಮುದ್ರ ಎಲ್ಲೂ ಓಡಿಹೋಗಲ್ಲ ಕಣೋ, ಕಾಫಿ ಕುಡ್ಕೊಂಡು ಹೋಗು," ಎಂದರು ದೊಡ್ಡಮ್ಮ.

ಶೈಲಕ್ಕ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ನಾನು ಕಾಫಿ ಬಿಟ್ಟು ಓಡಿದೆ.

ದಾದರ್

ಲೋಕಲ್ ಎಂದರೇನೆಂದು ಊರಿನವರಿಗೆ ಹೇಗೆ ಹೇಳಲಿ. ನಮ್ಮಲ್ಲಿ ಜನ ರೈಲಿನೊಳಗೆ ಹತ್ತುತ್ತಾರೆ. ದಾದರಿನಲ್ಲಿ ಜನವೇ ಒಂದು ಗೋಡೆಯಾಗಿ ಬಂದು ನಿಮ್ಮನ್ನು ಒಳಗೆ ಇಡುತ್ತದೆ. ಶೈಲಕ್ಕ ಹೆಂಗಸರ ಡಬ್ಬಿಗೆ ಹೋದಳು. ಹೋಗುವಾಗ "ಅಂಧೇರಿ, ಮಧು, ಅಂಧೇರಿ" ಎಂದು ಎರಡು ಸಲ ಹೇಳಿದಳು, ಮಗುವಿಗೆ ಹೇಳಿದ ಹಾಗೆ.

ಒಳಗೆ ನನ್ನ ಚೀಲವನ್ನು ಯಾರೋ ಕೇಳದೆಯೇ ತೆಗೆದುಕೊಂಡರು. ಅದು ತಲೆಗಳ ಮೇಲೆ ಕೈಯಿಂದ ಕೈಗೆ ಹೋಗಿ ದೂರದ ಅಟ್ಟಣಿಗೆಯಲ್ಲಿ ಕುಳಿತಿತು. ಅದರಲ್ಲಿ ನನ್ನ ಪಂಚೆ, ಫೋನು, ಪರ್ಸು. ಹೋಯಿತು ಎಂದುಕೊಂಡೆ. ಹಿಂದಿನವನು ನನ್ನ ಭುಜ ತಟ್ಟಿ, ಅಂಧೇರಿಯಲ್ಲಿ ಇಳಿಯುತ್ತೀಯಾ ಎಂದು ಕೇಳಲು, "ಅಂಧೇರಿ ಉತರೇಗಾ ಕ್ಯಾ?" ಎಂದ. ನಾನು ಮುಂದಿನವನ ಭುಜ ತಟ್ಟಿ, ಅದೇ ದನಿ, ಅದೇ ರಾಗದಲ್ಲಿ "ಅಂಧೇರಿ ಉತರೇಗಾ ಕ್ಯಾ?" ಎಂದೆ. ಹಿಂದಿನವನು ನಕ್ಕ. ಅಂಧೇರಿ ಬರುತ್ತಿದ್ದ ಹಾಗೆ ಚೀಲ ಹೋದ ದಾರಿಯಲ್ಲೇ, ಅದೇ ಕೈಗಳ ಮೇಲೆ, ನನ್ನ ಎದೆಗೆ ಬಂದು ಬಡಿಯಿತು. ಯಾರು ಕಳಿಸಿದರೋ ಅವರ ಮುಖವನ್ನೂ ನೋಡಲಿಲ್ಲ. ಈ ಊರಿನಲ್ಲಿ ಜನ ಒಬ್ಬರನ್ನೊಬ್ಬರು ನಂಬುವುದಕ್ಕೆ ಮಾತೇ ಬೇಡ.

ವರ್ಸೋವಾ ಜೆಟ್ಟಿ

ಅಂಧೇರಿಯಿಂದ ರಿಕ್ಷಾದಲ್ಲಿ ವರ್ಸೋವಾಕ್ಕೆ. ಒಣಮೀನಿನ ವಾಸನೆ ಮೊದಲು ಬಂತು, ಸಮುದ್ರ ಆಮೇಲೆ. ಸಮುದ್ರವೂ ಅಲ್ಲ, ಅದರ ಒಂದು ತೋಳು ಎಂದಳು ಶೈಲಕ್ಕ. ಆಚೆ ದಡದಲ್ಲಿ ಮಡ್. ದಾಟಿಸುವ ದೋಣಿಗೆ ಜನರ ಜೊತೆಗೆ ಮೋಟಾರ್‌ಸೈಕಲ್ಲುಗಳೂ ಹತ್ತಿದವು. ನಾನು ನೋಡಿದ ದೊಡ್ಡ ನೀರೆಂದರೆ ನಮ್ಮೂರ ಕೆರೆ, ಅದೂ ದಂಡೆಯಿಂದ. ಈಜು ಬರದು. ಹಿಡಿದುಕೊಳ್ಳಲು ಏನೂ ಇಲ್ಲದೆ ಅಪರಿಚಿತನೊಬ್ಬನ ಸ್ಕೂಟರಿನ ಕನ್ನಡಿಯನ್ನು ಹಿಡಿದೆ. ಅವನು ಒಮ್ಮೆ ನನ್ನನ್ನೂ ಒಮ್ಮೆ ಕನ್ನಡಿಯನ್ನೂ ನೋಡಿದ. ಐದು ನಿಮಿಷದ ದಾರಿ. ಕನ್ನಡಿಯಲ್ಲಿ ಕಂಡ ನನ್ನ ಮುಖವನ್ನು ಯಾವ ವೇದಿಕೆಯಲ್ಲೂ ಅನುಕರಿಸಲಾರೆ.

ಮಡ್, ಬೆಳಿಗ್ಗೆ

ತಗಡಿನ ಶೆಡ್ಡು. ಸಾಲಾಗಿ ನೀಲಿ ತೊಟ್ಟಿಗಳು. ಮಧ್ಯದ ಮೇಜಿನ ಮೇಲೆ ಹಳೆಯ ಕಾರಿನ ಟಯರು, ಟಯರಿನ ಮೇಲೆ ಆಮೆ. ಶ್ವಾಸಕೋಶದ ನೀರು ಬಾಯಿಂದ ಸುರಿದುಹೋಗಲೆಂದು ಹಿಂಭಾಗವನ್ನು ಎತ್ತರಿಸಿ ಇಟ್ಟಿದ್ದರು. ಬೂದು ಹಸಿರಿನ ಚಿಪ್ಪು, ಎಮ್ಮೆಕರುವಿನ ತಲೆಯಷ್ಟು ತಲೆ. ಕಣ್ಣು ಅರ್ಧ ತೆರೆದಿತ್ತು. ಚಿಪ್ಪಿನ ಮೇಲೆ ಕೆಂಪಗೆ ಏನೋ ಹರಿದಿತ್ತು. ಎರಡು ಹೆಜ್ಜೆ ಹಿಂದೆ ಸರಿದೆ.

"ರಕ್ತ ಅಲ್ಲ ಮಾರಾಯ, ಕುಂಕುಮ," ಎಂದರು ಶೇಖರಣ್ಣ. ಉಡುಪಿ ಕಡೆಯವರು. ಇಪ್ಪತ್ತು ವರ್ಷ ಕುರ್ಲಾದ ಹೋಟೆಲಿನಲ್ಲಿ ದೋಸೆ ಹೊಯ್ದು, ಈಗ ಇಲ್ಲಿ ಆಮೆಗಳಿಗೆ ಮೀನು ಹೆಚ್ಚಿ ಹಾಕುತ್ತಾರೆ.

ಕುಂಕುಮ ಹಚ್ಚಿದವರು ಮೂಲೆಯಲ್ಲಿ ಮೀನಿನ ಬುಟ್ಟಿ ಬೋರಲು ಹಾಕಿ ಕುಳಿತಿದ್ದರು. ಹೀರಾ ಮಾವಶಿ. ಮಾವಶಿ ಎಂದರೆ ಚಿಕ್ಕಮ್ಮ, ಎಲ್ಲರೂ ಹಾಗೇ ಕರೆಯುವುದು. ಕೋಳಿ ಜನ, ಅಂದರೆ ಇಲ್ಲಿಯ ಮೂಲ ಮೀನುಗಾರರು. ಅವರ ಗಂಡನ ಬಲೆಯಲ್ಲೇ ಆಮೆ ಮುಳುಗಿದ್ದು. ಬಲೆಗೆ ಆಮೆ ಬಂದರೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ವಾಪಸು ಬಿಡುವುದು ಅವರ ಪದ್ಧತಿ. ಇದು ಅಲ್ಲಾಡಲಿಲ್ಲವೆಂದು ಬಿಡಲಾಗದೆ, ಕುಂಕುಮ ಹಚ್ಚಿಯೇ ಇಲ್ಲಿಗೆ ತಂದಿದ್ದರು. ಗಂಡ ಬಂದಿರಲಿಲ್ಲ. ದೇವರು ನನ್ನ ಬಲೆಯಲ್ಲಿ ಸತ್ತಿತು ಎಂದು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನಂತೆ, ಇನ್ನು ದೋಣಿ ಇಳಿಸುವುದಿಲ್ಲ ಎನ್ನುತ್ತಿದ್ದಾನಂತೆ. ಅವರ ಮರಾಠಿಯಲ್ಲಿ ಅರ್ಧ ನನಗೇ ತಿಳಿಯಿತು, ಉಳಿದರ್ಧವನ್ನು ಶೇಖರಣ್ಣ ಹೇಳಿದರು.

ಶೈಲಕ್ಕ ಆಮೆಯ ಗಂಟಲಿಗೆ ಕೊಳವೆ ಇಳಿಸಿ ಗಾಳಿ ಕೊಟ್ಟಳು, ಇಂಜೆಕ್ಷನ್ ಚುಚ್ಚಿದಳು. ಆಮೇಲೆ ಒಂದು ಯಂತ್ರ ತೆಗೆದಳು. ಅಂಗೈಯಗಲದ ರೇಡಿಯೋ ಎನ್ನಬಹುದು, ತಂತಿಯ ತುದಿಗೆ ಪೆನ್ನಿನಂಥ ಕಡ್ಡಿ. ಡಾಪ್ಲರ್ ಎಂದು ಹೆಸರು. ನಾಳದಲ್ಲಿ ರಕ್ತ ಹರಿದರೆ ಅದು ಸದ್ದು ಮಾಡಿ ಹೇಳುತ್ತದೆ. ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲು ಪಕ್ಕದ ತೊಟ್ಟಿಯ, ಒಂದು ಕೈ ಕಳೆದುಕೊಂಡ ಆಮೆಗೆ ಹಿಡಿದಳು. ಹುಶ್‌ಊ... ಹುಶ್‌ಊ... ತೆಂಗಿನ ಗರಿಯನ್ನು ಯಾರೋ ಸಿಮೆಂಟಿನ ನೆಲದಲ್ಲಿ ಎಳೆದ ಹಾಗೆ. ಒಂದು ಸಲ ಕೇಳಿದರೆ ನನ್ನ ಕಿವಿ ಬಿಡುವುದಿಲ್ಲ.

ಆಮೇಲೆ ಟಯರಿನ ಮೇಲಿನದಕ್ಕೆ ಹಿಡಿದಳು, ಕುತ್ತಿಗೆಗೂ ಮುಂಗೈಗೂ ನಡುವಿನ ಗುಳಿಯಲ್ಲಿ. ಹತ್ತು ನಿಮಿಷ. ಬರೀ ಕರಕರ. ಕಣ್ಣು ಮುಟ್ಟಿದಳು, ರೆಪ್ಪೆ ಅಲುಗಲಿಲ್ಲ. ಬಾಲ ಚಿವುಟಿದಳು, ಅದೂ ಇಲ್ಲ.

"ಅಷ್ಟೊತ್ತು ಯಾಕಕ್ಕ?" ಎಂದೆ.

ನಾಲ್ಕು ಗಂಟೆಗೆ ಕಾಲೇಜಿನ ಹುಡುಗರು ಶೆಡ್ಡು ನೋಡಲು ಬರುವವರಿದ್ದರು. ಅವರಿಗೆಂದು ಶೈಲಕ್ಕ ಹಿಂದಿನ ದಿನವೇ ಗೋಡೆಯ ಹಲಗೆಯ ಮೇಲೆ ಆಮೆಯ ಹೃದಯದ ಚಿತ್ರ ಬರೆದಿಟ್ಟಿದ್ದಳು. ಅದನ್ನು ತೋರಿಸಿದಳು.

"ನಮ್ಮ ಹೃದಯಕ್ಕೆ ನಾಲ್ಕು ರೂಮ್. ಇದಕ್ಕೆ ಮೂರು. ಮೇಲೆ ಎರಡು ಚಿಕ್ಕದು, ಕೆಳಗೆ ಒಂದೇ ದೊಡ್ಡದು. ಆ ದೊಡ್ಡ ರೂಮಿನ ಮಧ್ಯೆ ಪೂರ್ತಿ ಗೋಡೆ ಇಲ್ಲ, ಅರ್ಧ ಇದೆ."

"ನಿಮ್ಮನೆ ಅಡುಗೆಮನೆ ಥರ."

"ಹ್ಞಾಂ, ಹಾಗೇ. ಅಲ್ಲಿಂದ ಮೂರು ದೊಡ್ಡ ಪೈಪು ಹೊರಡ್ತವೆ. ನಮಗೆ ಮೈಗೆ ಹೋಗೋ ಮಹಾಧಮನಿ ಒಂದೇ. ಇದಕ್ಕೆ ಎರಡು, ಎಡಕ್ಕೊಂದು ಬಲಕ್ಕೊಂದು. ಬೆನ್ನ ಹತ್ತಿರ ಸುತ್ತಿ ಒಂದಾಗ್ತವೆ. ಮೂರನೇದು ಶ್ವಾಸಕೋಶಕ್ಕೆ. ಆ ಪೈಪಿನ ಗೋಡೆಯಲ್ಲಿ ದಪ್ಪ ಸ್ನಾಯು ಇದೆ. ನಲ್ಲಿ ಅನ್ಕೋ. ಆಮೆ ಮುಳುಗಿದಾಗ ನಲ್ಲಿ ಬಿಗಿಯಾಗತ್ತೆ. ಗಾಳಿ ಇಲ್ಲದ ಕಡೆ ರಕ್ತ ಕಳಿಸಿ ಏನು ಫಾಯ್ದಾ? ಅರ್ಧ ಗೋಡೆ ದಾಟಿ ಮತ್ತೆ ಮೈಗೇ ಹೋಗತ್ತೆ. ಹೃದಯನೂ ನಿಧಾನ ಆಗತ್ತೆ. ನಿಮಿಷಕ್ಕೆ ಒಂದು ಸಲ, ಕೆಲವೊಮ್ಮೆ ಅದಕ್ಕಿಂತ ಕಮ್ಮಿ."

"ಹಾಗಾದ್ರೆ ಸತ್ತಿದೆ ಅಂತ ಹೇಗೆ ಗೊತ್ತಾಗತ್ತೆ?"

ಅವಳು ಸೀಮೆಸುಣ್ಣ ಕೆಳಗಿಟ್ಟಳು. "ಅದೇ ಕಷ್ಟ. ಸತ್ತ ಮೇಲೂ ಗಂಟೆಗಟ್ಟಲೆ ಹೃದಯ ಮಾತ್ರ ಬಡೀತಾ ಇರೋದೂ ಉಂಟು. ಬದುಕಿದ್ದರೂ ಸದ್ದು ಕೇಳದೇ ಇರೋದೂ ಉಂಟು."

ಮಾತೇ ಇಲ್ಲದ ಆ ಅರ್ಧ ಕಣ್ಣು ನಮ್ಮ ಮಾತನ್ನೆಲ್ಲ ಕೇಳುತ್ತಿದ್ದರೆ ಎಂದು ಯೋಚಿಸಿ, ಇನ್ನೊಂದು ಬದಿಗೆ ಹೋಗಿ ನಿಂತೆ. ಆ ಬದಿಯ ಕಣ್ಣೂ ಅರ್ಧ ತೆರೆದಿತ್ತು.

ಮಡ್, ಮಧ್ಯಾಹ್ನ

ಮತ್ತೆ ಗಾಳಿ, ಮತ್ತೆ ಇಂಜೆಕ್ಷನ್. ಎರಡನೇ ಸಲ ಹತ್ತು ನಿಮಿಷ ಕೇಳಿದಳು. ಇಲ್ಲ. ಒಂದು ಗಂಟೆಗೆ ಮೂರನೇ ಸಲ, ಕೊನೆಯ ಸಲ. ಇದರಲ್ಲೂ ಇಲ್ಲವೆಂದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಒಪ್ಪಿಗೆ ಪಡೆದು, ಹುಡುಗರ ಮುಂದೆಯೇ ಕೊಯ್ದು ನೋಡುವುದು ಎಂದು ತೀರ್ಮಾನವಾಗಿತ್ತು. ಹೇಗೆ ಸತ್ತಿತೆಂದು ತಿಳಿಯಬೇಕು, ಹುಡುಗರಿಗೂ ಮೂರು ಕೋಣೆಯ ಹೃದಯ ಕಣ್ಣಾರೆ ಕಾಣಬೇಕು.

ಒಂದು ನಿಮಿಷ. ಎರಡು. ಮೂರು. ನನಗೆ ಭಯವಾದಾಗ ನಗು ಬರುತ್ತದೆ, ನಗು ತಡೆದರೆ ಬಾಯಿಂದ ಯಾವುದಾದರೂ ಸದ್ದು ಹೊರಡುತ್ತದೆ. ಅಜ್ಜ ತೀರಿಕೊಂಡ ದಿನವೂ ಹೀಗೇ ಆಗಿ ಅಪ್ಪನಿಂದ ಏಟು ತಿಂದಿದ್ದೆ. ನಾಲ್ಕನೇ ನಿಮಿಷಕ್ಕೆ ತುಟಿ ತಾನೇ ಮುಂದೆ ಬಂತು.

ಹುಶ್‌ಊ.

"ಹೈ," ಎಂದಳು ಶೈಲಕ್ಕ. "ಇದೆ, ಇದೆ. ಶೇಖರಣ್ಣ, ಆಕ್ಸಿಜನ್."

ಹೀರಾ ಮಾವಶಿ ಬುಟ್ಟಿಯಿಂದ ಎದ್ದು ಕೈಮುಗಿದರು. ಶೇಖರಣ್ಣ ಸಿಲಿಂಡರಿಗೆ ಓಡಿದರು. ಆಗಲಾದರೂ ನಿಲ್ಲಿಸಬೇಕಿತ್ತು. ಇನ್ನೊಂದು ಸಲ ಮಾಡಿದೆ. ಶೈಲಕ್ಕ ತಲೆಯೆತ್ತಿ ನನ್ನ ಕೆನ್ನೆ ನೋಡಿದಳು.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಯಂತ್ರ ಆರಿಸಿದಳು, ಕಡ್ಡಿ ಒರೆಸಿದಳು, ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆದಳು. "ಬಸ್. ಆಯ್ತು," ಎಂದು ಫೋನು ತೆಗೆದುಕೊಂಡು ಹೊರಗೆ ಹೋದಳು. ಹೀರಾ ಮಾವಶಿಗೆ ಏನಾಯಿತೆಂದು ಶೇಖರಣ್ಣ ಹೇಳಿದರು. ಅವರು ನನ್ನನ್ನು ನೋಡಿ, ಮುಗಿದಿದ್ದ ಕೈಯನ್ನು ಮೆಲ್ಲಗೆ ಇಳಿಸಿ, ಮತ್ತೆ ಕುಳಿತರು.

"ನಿನಗೆ ಮಂಡೆ ಸಮ ಇಲ್ಲವಾ?" ಎಂದರು ಶೇಖರಣ್ಣ. "ಆ ಹೆಂಗಸಿನ ಮುಖವನ್ನಾದ್ರೂ ನೋಡಬೇಕಿತ್ತು ನೀನು."

ಅವರು ಮಾವಶಿಯನ್ನು ಕರೆದುಕೊಂಡು ಚಹಾ ಮಾಡಲು ಹಿತ್ತಲಿಗೆ ಹೋದರು. ನಾನೊಬ್ಬನೇ ಉಳಿದೆ. ಹತ್ತು ನಿಮಿಷ ಕೇಳಬೇಕಾಗಿದ್ದುದು ನಾಲ್ಕಕ್ಕೇ ನಿಂತುಹೋಗಿತ್ತು, ಅದು ನನ್ನಿಂದ. ಉಳಿದ ಆರು ನಿಮಿಷವನ್ನು ನಾನಾದರೂ ತುಂಬಿಕೊಡಬೇಕು ಎನ್ನಿಸಿತು. ಯಂತ್ರ ಹಚ್ಚಿ, ಗುಳಿಗೆ ಕಡ್ಡಿ ಒತ್ತಿದೆ. ಚರ್ಮ ಒದ್ದೆ ಚಪ್ಪಲಿಯ ಹಾಗೆ ತಣ್ಣಗಿತ್ತು.

ಕರಕರ. ಕರಕರ. ನನ್ನ ಕೈ ತುಸು ಕದಲಿದರೂ ಸದ್ದು. ಎರಡೂ ಕೈಯಲ್ಲಿ ಹಿಡಿದೆ. ಎಷ್ಟು ಹೊತ್ತೋ ತಿಳಿಯದು.

ಹುಶ್‌ಊ.

ನಾನು ಮಾಡಿರಲಿಲ್ಲ. ಅಥವಾ ಮಾಡಿದ್ದೆನೇ? ತುಟಿ ಮುಟ್ಟಿ ನೋಡಿಕೊಂಡೆ. ನನ್ನ ಕಿವಿಯಲ್ಲಿ ಒಂದು ಸದ್ದು ಹೊಕ್ಕರೆ ದಿನವಿಡೀ ತಾನೇ ಬಡಿಯುತ್ತಿರುತ್ತದೆ. ಇದು ಅದೇ ಇರಬಹುದು. ಎಡಗೈಯಿಂದ ಬಾಯಿ ಮುಚ್ಚಿ, ಬಲಗೈಯಿಂದ ಹಿಡಿದು ಕಾದೆ. ಮುಂಬಯಿಯ ಅಷ್ಟು ಸದ್ದಿನಿಂದ ಬಂದವನಿಗೆ ಅಂಥ ಮೌನ ಮೊದಲ ಸಲ. ತೊಟ್ಟಿಗಳಲ್ಲಿ ನೀರು ತೊಟ್ಟಿಕ್ಕುವುದು, ತಗಡು ಕಾದು ಟಿಕ್ಕೆನ್ನುವುದು, ಎಲ್ಲವೂ ಹುಶ್ ಎಂದಂತೆ ಕೇಳತೊಡಗಿತು. ಸಾಕು, ನನಗೆ ಹುಚ್ಚು ಎಂದು ತೆಗೆಯಬೇಕೆನ್ನುವಷ್ಟರಲ್ಲಿ ಇನ್ನೊಂದು ಸಲ. ಉದ್ದಕ್ಕೆ, ಸೋತ ಹಾಗೆ.

ಮಡ್, ನಾಲ್ಕು ಗಂಟೆ

ಮಧ್ಯಾಹ್ನವೇ ಓಡಿಹೋಗಿ ಹೇಳಿದ್ದೆ. ನಂಬುತ್ತಾರೆಯೇ.

"ಮಧು, ಇನ್ನೊಂದು ಮಾತು ಆಡಿದ್ರೆ ಈಗಲೇ ದೋಣಿ ಹತ್ತಿಸ್ತೀನಿ," ಎಂದಳು ಶೈಲಕ್ಕ.

"ಅಕ್ಕ, ಅಮ್ಮನಾಣೆ."

"ಬೆಳಿಗ್ಗೆ ನೀನು ನನ್ನ ದನಿಯಲ್ಲೇ ಅಮ್ಮನ ಹತ್ತಿರ ಕಾಫಿ ಕೇಳಿದೆ. ನೀನು ಮಾಡದ ಸದ್ದು ಯಾವುದಿದೆ ಹೇಳು?"

ನಾಲ್ಕಾಗುವಷ್ಟರಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಬಂದಿತ್ತು. ಹುಡುಗರು ಬಂದಿದ್ದರು, ಆರು ಜನ, ಮೂಗಿಗೆ ಕರವಸ್ತ್ರ. ತಟ್ಟೆಯಲ್ಲಿ ಕತ್ತಿ, ಎದೆಯ ಚಿಪ್ಪು ಕೊಯ್ಯುವ ಸಣ್ಣ ಗರಗಸ. ಆಮೆಯನ್ನು ಅಂಗಾತ ಮಲಗಿಸಿದ್ದರು. ಹಾಲಿನ ಬಣ್ಣದ ಹೊಟ್ಟೆಯ ಚಿಪ್ಪಿನ ಮೇಲೆ ಶೈಲಕ್ಕ ಪೆನ್ನಿನಿಂದ ಗೆರೆ ಎಳೆದಳು. ಆ ಗೆರೆಯನ್ನು ನೋಡಿ ನನ್ನ ಎದೆಯ ನಾಲ್ಕೂ ಕೋಣೆಗಳು ಒಟ್ಟಿಗೆ ಬಾಗಿಲು ಹಾಕಿಕೊಂಡವು. ನಿಜವಾಗಿ ಕೇಳಿದವನು ಜಗತ್ತಿನಲ್ಲಿ ನಾನೊಬ್ಬನೇ. ಸುಳ್ಳು ಕೇಳಿಸಿದವನೂ ನಾನೇ.

ಮೂಲೆಯಲ್ಲಿ ಶೇಖರಣ್ಣನ ನೀರಿನ ಚೊಂಬಿತ್ತು. ಎತ್ತಿ ಬಾಯಿ ತುಂಬಿಕೊಂಡೆ. ಕೆನ್ನೆ ಉಬ್ಬಿಸಿಕೊಂಡೇ ಮೇಜಿನ ಬಳಿ ಬಂದು ಶೈಲಕ್ಕನ ಎದುರು ನಿಂತು, ಒಂದು ಬೆರಳಿಂದ ನನ್ನ ಕೆನ್ನೆ ತೋರಿಸಿದೆ, ಇನ್ನೊಂದರಿಂದ ಯಂತ್ರ. ಹುಡುಗರು ನಕ್ಕರು.

ಮೊದಲು ಅರ್ಥವಾದದ್ದು ಶೇಖರಣ್ಣನಿಗೆ. "ಡಾಕ್ಟ್ರೆ, ಬಾಯಲ್ಲಿ ನೀರಿದ್ದರೆ ಅವನು ಸದ್ದು ಮಾಡ್ಲಿಕ್ಕೆ ಆಗುದಿಲ್ಲ. ಒಂದ್ಸಲ ಹಿಡಿದು ನೋಡಿ. ಇಲ್ಲದಿದ್ದರೆ ನಾನೇ ಇವನನ್ನ ಸಮುದ್ರಕ್ಕೆ ಎಸೀತೇನೆ."

ಶೈಲಕ್ಕ ಕಡ್ಡಿ ತೆಗೆದುಕೊಂಡಳು.

ಕರಕರ. ಒಂದು ನಿಮಿಷ. ನೀರು ಬಾಯಲ್ಲಿ ಬೆಚ್ಚಗಾಯಿತು. ಮೂಗಿನಲ್ಲಿ ಉಸಿರಾಡುವುದೂ ದೊಡ್ಡ ಸದ್ದೆನ್ನಿಸಿ ಅದನ್ನೂ ತಡೆದೆ. ಎರಡು ನಿಮಿಷ. ಹುಡುಗನೊಬ್ಬ ಗಡಿಯಾರ ನೋಡಿಕೊಂಡ. ಬರದಿದ್ದರೆ? ನಾನು ಕೇಳಿದ್ದು ನನ್ನ ಕಿವಿಯ ಹುಚ್ಚೇ ಆಗಿದ್ದರೆ? ಅದಕ್ಕಿಂತ ಹೆಚ್ಚಿನ ಭಯ, ಆಗ ಬಡಿಯುತ್ತಿದ್ದುದು ಈ ಮೂರು ಗಂಟೆಯಲ್ಲಿ, ನಾವು ವಾದ ಮಾಡುತ್ತಿದ್ದಾಗ, ನಿಂತುಹೋಗಿದ್ದರೆ? ಕಣ್ಣಲ್ಲಿ ನೀರು ಬಂತು. ಹೊರಗೆ ಹೋಗಲು ಇದ್ದ ದಾರಿ ಅದೊಂದೇ. ಕೆನ್ನೆ ನಡುಗತೊಡಗಿತು.

ಹುಶ್‌ಊ.

ಎಲ್ಲರೂ ನನ್ನ ಕೆನ್ನೆ ನೋಡಿದರು. ಕೆನ್ನೆ ತುಂಬಿಯೇ ಇತ್ತು. ಶೈಲಕ್ಕನ ಕೈ ಕದಲಲಿಲ್ಲ. ಇನ್ನೂ ಎರಡು ನಿಮಿಷಕ್ಕೆ ಮತ್ತೊಂದು. ನಾನು ಉಗುಳಿದ ನೀರು ಶೇಖರಣ್ಣನ ಅಂಗಿಯ ಮೇಲೆ ಬಿತ್ತು. ಅವರು ಒರೆಸಿಕೊಳ್ಳಲೂ ಇಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರು ಹೆದರಿಕೊಂಡು ಕುಳಿತಿರುವುದು ಬೇಡ. ಮರುದಿನ ಬೆಳಿಗ್ಗೆ ಆ ಆಮೆ ತಲೆಯೆತ್ತಿ ಒಂದು ಉಸಿರು ಬಿಟ್ಟಿತಂತೆ. ಹೀರಾ ಮಾವಶಿಯ ಗಂಡ ಬಂದು ಬಾಗಿಲಲ್ಲೇ ನಿಂತು ನೋಡಿ ಹೋದನಂತೆ. ಭಾನುವಾರ ನಾನು ಸಯನ್ನಿನ ವೇದಿಕೆಯಲ್ಲಿ ಬಸ್ಸು, ಹರಾಜು, ಹೆಡ್ಮಾಸ್ಟರು ಮಾಡಿ ಇಳಿದೆ. ಆಮೆಯ ಸದ್ದು ಮಾಡಲಿಲ್ಲ, ಬಾಯಿ ಬರಲಿಲ್ಲ.

ಆದರೆ ಆ ಸಂಜೆ ಮೇಜಿನ ಸುತ್ತ ನಿಂತಿದ್ದ ನಮಗೆ ಇದಾವುದೂ ತಿಳಿದಿರಲಿಲ್ಲ. ಎರಡು ಬಡಿತ ಕೇಳಿದ ಮೇಲೂ ಶೈಲಕ್ಕ ಕತ್ತಿಯ ತಟ್ಟೆಯನ್ನು ದೂರ ಸರಿಸಲಿಲ್ಲ. ಕಣ್ಣು ಮುಟ್ಟಿದಳು, ಅಲುಗಲಿಲ್ಲ. ಬಾಲ ಚಿವುಟಿದಳು, ಇಲ್ಲ. ಗೆರೆ ಎಳೆದ ಪೆನ್ನನ್ನು ಮತ್ತೆ ಎತ್ತಿಕೊಂಡಳು.

"ಹೃದಯ ಮಾತ್ರ ನಡೀತಾ ಇರಬಹುದು," ಎಂದಳು. ತನಗೆ ತಾನೇ ಹೇಳಿಕೊಂಡಂತಿತ್ತು. "ಜೀವ ಹೋಗಿರಬಹುದು. ಒಪ್ಪಿಗೆ ಇವತ್ತಿಗೆ ಸಿಕ್ಕಿದೆ. ಈ ಮಕ್ಕಳು ಅಷ್ಟು ದೂರದಿಂದ ಬಂದಿದ್ದಾರೆ. ನಾಳೆ ಅಂದ್ರೆ ಬಿಸಿಲಿಗೆ ಒಳಗೆಲ್ಲ ಕೊಳೆತು ಏನೂ ಗೊತ್ತಾಗಲ್ಲ. ಕ್ಯಾ ಕರೂಂ, ಏನ್ ಮಾಡ್ಲಿ, ಶೇಖರಣ್ಣ?"

ಶೇಖರಣ್ಣ ಮೂಲೆಯಲ್ಲಿ ಮತ್ತೆ ಬುಟ್ಟಿಯ ಮೇಲೆ ಕುಳಿತಿದ್ದ ಹೀರಾ ಮಾವಶಿಯ ಕಡೆ ನೋಡಿದರು. ನಾನಂತೂ ಬಾಯಿ ತೆರೆಯುವ ಹಕ್ಕು ಕಳೆದುಕೊಂಡವನು. ಹುಡುಗರ ಪೈಕಿ ಒಬ್ಬ ಕರವಸ್ತ್ರ ಇಳಿಸಿ, ಮರಾಠಿಯಲ್ಲಿ "ಸತ್ತೇ ಇದ್ದರೆ, ಮ್ಯಾಡಮ್?" ಎಂದ.

ಹೀರಾ ಮಾವಶಿ ಬುಟ್ಟಿಯಿಂದ ಎದ್ದು ಬಂದರು. ಶೈಲಕ್ಕನ ಕೈಯಲ್ಲಿದ್ದ ಪೆನ್ನನ್ನು ತೆಗೆದುಕೊಂಡು ಅದರ ಮುಚ್ಚಳ ಹಾಕಿದರು. ಮರಾಠಿಯಲ್ಲಿ ಹೇಳಿದ್ದನ್ನು, ಶೇಖರಣ್ಣ ತಿಳಿಸಿಕೊಟ್ಟ ಹಾಗೆ, ಒಂದು ಮಾತೂ ಕೂಡಿಸದೆ ಕಳೆಯದೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸತ್ತಿದ್ದರೆ ನಾಳೆಯೂ ಸತ್ತೇ ಇರುತ್ತದೆ, ಡಾಕ್ಟರಮ್ಮ. ಬದುಕಿದ್ದರೆ ಇವತ್ತು ಕೊಂದವರು ನೀವಾಗುತ್ತೀರಿ, ನನ್ನ ಗಂಡನಲ್ಲ."